ಹದಿನೇಳು ಜೊತೆ

ಬೆಳಗಿನ ನಾಲ್ಕೂ ಮುಕ್ಕಾಲಿಗೆ
ಗುತ್ತಲು ರಸ್ತೆಯ ಹಾಲಿನ ಬೂತಿನ ಮುಂದೆ
ಗಾಡಿ ತಂದು ನಿಲ್ಲಿಸಿದರೆ
ಹೊಲಿಗೆ ಕ್ಲಾಸಿನ ಹೆಂಗಸರು ಆಗಲೇ ಬಂದಿದ್ದರು,
ತಲೆಯಲ್ಲಿ ನಿನ್ನೆ ರಾತ್ರಿಯೇ ಕಟ್ಟಿಟ್ಟ ಕನಕಾಂಬರ,
ಕೈಯಲ್ಲಿ ಸ್ಟೀಲ್ ಡಬ್ಬಿ, ಯಾರದೋ ಮಗುವಿನ ಟೋಪಿ.
ಕಿಟಕಿ ಪಕ್ಕ ಯಾರು ಎಂಬ ಜಗಳ
ಮಂಡ್ಯ ದಾಟುವ ತನಕ ನಡೆಯಿತು.

ಒಂದು ದಿನದ ಟೂರು.
ಕರಿಘಟ್ಟ, ಮೇಲುಕೋಟೆ, ಸಾಧ್ಯವಾದರೆ ಸಂಜೆಗೆ ಚಾಮುಂಡಿ.
ಆ ‘ಸಾಧ್ಯವಾದರೆ’ ಎಂಬ ಊರಿಗೆ
ನಾನು ಇದುವರೆಗೆ ಯಾರನ್ನೂ ತಲುಪಿಸಿಲ್ಲ.

ಒಂಬತ್ತು ವರ್ಷದಿಂದ
ದೇವರ ಬಾಗಿಲ ತನಕ ಬಿಟ್ಟು ಬರುವವನು.
ಒಳಗೆ ಮೂರ್ತಿ ಹೇಗಿದೆ ಎಂದು ನನ್ನ ಕೇಳಬೇಡಿ;
ಯಾವ ಬೆಟ್ಟದ ಪಾರ್ಕಿಂಗಿನಲ್ಲಿ ಮಧ್ಯಾಹ್ನ ಮೂರಕ್ಕೆ
ಎಷ್ಟು ಅಗಲ ನೆರಳು ಬೀಳುತ್ತದೆ, ಹೇಳಬಲ್ಲೆ.
ರಸೀತಿ ಹರಿಯುವವನ ಮಗಳ ಮದುವೆ ಎಂದು, ಅದನ್ನೂ.
ಮೇಲುಕೋಟೆಯಲ್ಲಿ ನನಗೆ ಗೊತ್ತಿರುವುದು ರಾಯಗೋಪುರ ಒಂದೇ:
ಕಟ್ಟುತ್ತ ಕಟ್ಟುತ್ತ ಯಾರೋ ಕೈಬಿಟ್ಟದ್ದು,
ನಾಲ್ಕು ಕಂಬ, ಮೇಲೆ ಬಯಲು.
ಬೀಗವಿಲ್ಲ, ಕ್ಯೂ ಇಲ್ಲ,
ಚಪ್ಪಲಿ ಹಾಕಿಕೊಂಡೇ ಹೋಗಬಹುದು.
ಒಂದು ಬೀಡಿ ಮುಗಿಸಿ ಬರುತ್ತೇನೆ.

ಅವತ್ತು ಯೋಗಾನರಸಿಂಹನ ಮೆಟ್ಟಿಲ ಬುಡದಲ್ಲಿ
ಎಲ್ಲರೂ ಗಾಡಿಯಲ್ಲೇ ಚಪ್ಪಲಿ ಬಿಟ್ಟು
ಕಾದ ಕಲ್ಲಿನ ಮೇಲೆ ಕುಣಿಯುತ್ತ ಹೊರಟರು.
ನಿಂಗಾಜಮ್ಮ ಮಾತ್ರ ಇಳಿಯಲಿಲ್ಲ.
ಕ್ಲಾಸಿನಲ್ಲಿ ಕಾಜ ಹಾಕುವವರು, ಎಪ್ಪತ್ತರ ಹತ್ತಿರ,
ಮಂಡಿಯಿಂದ ನೋವೆಣ್ಣೆಯ ಘಾಟು.

“ನೀನು ಹತ್ತಿದ್ದೀಯೇನಪ್ಪ?”
“ಇಲ್ಲ ಕಣವ್ವ.”
“ಯಾಕೆ?”
“ಗಾಡಿ ಯಾರು ನೋಡ್ತಾರೆ? ಚಪ್ಲಿ ಬೇರೆ.”
ಸೆರಗು ಸಿಕ್ಕಿಸಿಕೊಂಡು ಎದ್ದು ಬಂದು
ನನ್ನ ಸೀಟಿನಲ್ಲೇ ಕುಳಿತುಬಿಟ್ಟರು.
“ನಾ ನೋಡ್ಕತೀನಿ. ಓಗು. ನನ್ ಕಾಯಿ ಒಡ್ಕಂಡ್ ಬಾ.
ಕೀ ಕೊಟ್ಟೋಗು, ಫ್ಯಾನ್ ತಿರುಗ್ಲಿ.”

ಅವರ ಚಪ್ಪಲಿ ಅವರ ಕಾಲಲ್ಲೇ; ಅಲ್ಲಿಗೆ ಹದಿನಾರು ಜೊತೆ.
ನನ್ನದು ಬಿಟ್ಟೆ. ಲೆಕ್ಕ ಸರಿಹೋಯಿತು.

ಮೆಟ್ಟಿಲು ಎಣಿಸಹೋಗಿ ನಲವತ್ತಕ್ಕೆ ಕೈಬಿಟ್ಟೆ.
ಕ್ಲಚ್ಚು ಒತ್ತುವ ಕಾಲು ಇನ್ನೊಂದಕ್ಕಿಂತ ಗಟ್ಟಿ
ಎಂದು ಅವತ್ತು ತಿಳಿಯಿತು.
ಏರು ಬಂದಾಗ ಎಡಗೈ ತಾನಾಗಿ ಗೇರು ಹುಡುಕಿತು.
ಕಾಯಿಯ ಮೇಲೆ ಕಣ್ಣಿಟ್ಟು ಕೋತಿಯೊಂದು ಜೊತೆಗೇ ಹತ್ತಿತು.
ನಡುದಾರಿಯಲ್ಲಿ ಸಿಕ್ಕ ಹೆಂಗಸರು
“ಅಯ್ಯೋ, ಡ್ರೈವರಣ್ಣ!” ಎಂದು
ಸಂತೆಯಲ್ಲಿ ಮೇಷ್ಟ್ರನ್ನು ಕಂಡ ಮಕ್ಕಳ ಹಾಗೆ ನಿಂತರು.

ಮೇಲೆ ಹೋದರೆ ಪರದೆ.
ನೈವೇದ್ಯವಂತೆ, ಇಪ್ಪತ್ತು ನಿಮಿಷ.
ಒಂಬತ್ತು ವರ್ಷ ಕಾದವನಿಗೆ ಅಷ್ಟು ಕಾಯಲಾಗಲಿಲ್ಲ.
ಹೊರಗಿನ ಕಲ್ಲಿಗೆ ಕಾಯಿ ಒಡೆದು
ಎರಡು ಹೋಳು ಹಿಡಿದು ಗೋಡೆಯಂಚಿಗೆ ಬಂದೆ.

ಕೆಳಗೆ ಕಲ್ಯಾಣಿ, ಅಂಗೈಯಷ್ಟು.
ರಾಯಗೋಪುರ, ಮಗುಚಿಟ್ಟ ಸ್ಟೂಲಿನ ಹಾಗೆ
ಕಾಲು ಮೇಲೆ ಮಾಡಿಕೊಂಡು.
ದೂರಕ್ಕೆ ಕಬ್ಬು, ತೊಣ್ಣೂರು ಕೆರೆಯ ಬಿಳಿ ಗೆರೆ.
ಇತ್ತ ಬುಡದಲ್ಲಿ ಒಂದು ಬೆಂಕಿಪೊಟ್ಟಣ:
ನನ್ನ ಗಾಡಿ,
ಕಂತು ಇನ್ನೂ ಹದಿನಾಲ್ಕು ಬಾಕಿ.

ಆಗ ಕೇಳಿತು.
ಪೋಂ.
ಸ್ವಲ್ಪ ಬಿಟ್ಟು, ಪೋಂ ಪೋಂ.
ಕೋತಿ ಬಂತೋ, ಕಳ್ಳ ಬಂದನೋ.
ಇಷ್ಟು ದಿನ ನನ್ನ ಅಂಗೈ ಕೆಳಗೇ ಇದ್ದ ದನಿ
ಬೆಟ್ಟ ಹತ್ತಿ ಬಂದು ನನ್ನನ್ನೇ ಕರೆಯುತ್ತಿತ್ತು.
ಹಿಂದೆ ಗಂಟೆ ಹೊಡೆದರು, ಪರದೆ ಸರಿದಿರಬೇಕು;
ನಾನು ಇಳಿಯುತ್ತಿದ್ದೆ, ಮೆಟ್ಟಿಲು ಎರಡೆರಡು.

“ಏನಾಯ್ತವ್ವ?”
“ಏನೂ ಇಲ್ಲ. ಒತ್ಬೇಕು ಅನ್ನುಸ್ತು, ಒತ್ತಿದೆ.
ಇಷ್ಟ್ ವರ್ಷದಲ್ಲಿ ಯಾರಿಗೂ
ದಾರಿ ಬಿಡಿ ಅಂದಿರ್ಲಿಲ್ಲ.”

ಚಾಮುಂಡಿ ಆಗಲಿಲ್ಲ.
ಪಾಂಡವಪುರದ ಹತ್ತಿರ ಒಬ್ಬರಿಗೆ ವಾಂತಿ,
ಆಲೆಮನೆಯ ಹೊಗೆ, ನಿಂಬೆಹಣ್ಣು, ಅಂತ್ಯಾಕ್ಷರಿ, ನಿದ್ದೆ.

ಮಾರನೆಯ ದಿನ ಗಾಡಿ ಗುಡಿಸಿದರೆ
ಪುಳಿಯೋಗರೆಯ ಅಗುಳು, ಬಾಡಿದ ಹೂವು, ಆ ಮಗುವಿನ ಟೋಪಿ,
ಸ್ಟೀರಿಂಗಿನ ಹಿಂದೆ
ನಿಂಗಾಜಮ್ಮ ನನಗೆಂದು ಬಿಟ್ಟ ಅರ್ಧ ಹೋಳು.
ಕಾಯಿ ಕಡಿಯುತ್ತ ಸೀಟಿಗೆ ಒರಗಿ
ಒಮ್ಮೆ ಹಾರನ್ ಒತ್ತಿ ನೋಡಿದೆ.
ಎದುರಿಗಿದ್ದ ಎಮ್ಮೆ ಕೂಡ ತಿರುಗಲಿಲ್ಲ.